ಹಡಗೋ, ಉದ್ಯಾನವೋ?

ಕಳೆದ ತಿಂಗಳು ಅಮೆರಿಕಾ ದೇಶದ ಅಟ್ಲಾಂಟಾ ಪಟ್ಟಣದಿಂದ ನನಗೊಂದು ಪತ್ರ ಬಂದಿತು. ಬರೆದವಳು ಇಪ್ಪತ್ತು ವರ್ಷಗಳ ಹಿಂದೆ ನನ್ನಲ್ಲಿ ಸಂಸ್ಕೃತ ಓದಿಕೊಂಡ ವಿದ್ಯಾರ್ಥಿನಿ. ಈಗ ಇಬ್ಬರು ಮಕ್ಕಳ ತಾಯಿ. ಹಿರಿಯವನಿಗೆ ಎರಡು ವರ್ಷ ಎಂಟು ತಿಂಗಳು. ಕಿರಿಯವಳಿಗೆ ಹನ್ನೊಂದು ತಿಂಗಳು. ಮೈಸೂರಿನಿಂದ ಅತ್ತೆಮಾವಂದಿರು ಆರು ತಿಂಗಳ ಮಟ್ಟಿಗೆ ಬಂದಿರುವರಂತೆ. ಅವರು ಹಿಂದಿರುಗುವುದರೊಳಗಾಗಿ ಮನೆಮಂದಿಯೆಲ್ಲ ಕೂಡಿ ಒಂದು ವಿಹಾರಕ್ಕೆ ಹೋಗಿಬರಬೇಕೆಂಬುದು ಅವಳ ಗಂಡನ ಆಶೆ. ಫ್ಲಾರಿಡಾ ಪ್ರಾಂತದ ಕನಾವೆರಲ್ ಬಂದರಿನಲ್ಲಿ ಹಡಗನ್ನೇರಿ ಬಹಾಮಾ ದ್ವೀಪಗಳನ್ನು ಸುತ್ತಿಬರುವುದೋ, ಅಥವಾ ಆ ಬಂದರಿಗೆ ಒಂದು ಗಂಟೆಯ ದಾರಿಯಲ್ಲಿರುವ ಆರ್ಲ್ಯಾಂಡೊ ಪಟ್ಟಣದ ಡಿಸ್ನಿ ಉದ್ಯಾನಗಳಿಗೆ ಹೋಗುವುದೋ ಎಂಬಲ್ಲಿ ಮನೆಯೊಳಗೆ ಎರಡು ಪಕ್ಷಗಳಾಗಿವೆ. ತಂದೆಮಗಂದಿರು ಹಡಗಿನ ಪಕ್ಷ. ಅತ್ತೆಯವರದು ಉದ್ಯಾನದ ಪಕ್ಷ. “ಮೇಷ್ಟ್ರೇ, ನೀವು ಮಧ್ಯಸ್ಥರಾಗಿ ಒಂದು ಮಾತು ಹೇಳಿ” ಎಂದು ಬರೆದಿರುವಳು.

ರುಜುವಿನ ಕೆಳಗೆ, ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು: “ನನ್ನ ಪಕ್ಷ ಯಾವುದೆಂದು ಯಾರೂ ಕೇಳಲಿಲ್ಲ. ಹನ್ನೊಂದು ತಿಂಗಳಿಂದ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಯಾರಾದರೂ ಕೇಳಿದ್ದರೆ, ಮಲಗಲು ಬಿಡುವ ಕಡೆಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದೆ.”

ಪತ್ರದ ಮುಖ್ಯ ವಿಷಯ ಮೇಲಿನ ಎರಡು ಪುಟಗಳಲ್ಲಿಲ್ಲ, ಈ ಕೆಳಗಿನ ಸಾಲುಗಳಲ್ಲಿದೆ ಎಂದು ನನಗೆ ತೋರಿತು. ಅವಳ ಒಪ್ಪಿಗೆಯನ್ನು ಪಡೆದು, ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ವಾಚಕರಲ್ಲಿ ಅನೇಕವುಂಟು. ಈ ಪ್ರಶ್ನೆ ಇಂದಲ್ಲ ನಾಳೆ ಅವರ ಮುಂದೆಯೂ ಬಂದೀತು.

ಮೊದಲು ಒಂದು ಹಳೆಯ ಮಾತು. ಸಮುದ್ರಯಾನವೆಂದರೆ ನಮ್ಮ ಹಿರಿಯರಿಗೆ ಸಾಮಾನ್ಯವಾದ ಭಯವಾಗಿರಲಿಲ್ಲ. ಬೋಧಾಯನರ ಧರ್ಮಸೂತ್ರದಲ್ಲಿ ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳ ಪಟ್ಟಿಯಲ್ಲಿ ಮೊದಲನೆಯದೇ ಸಮುದ್ರಯಾನ. ನಮ್ಮ ತಾತಂದಿರ ಕಾಲದಲ್ಲಿ ಸೀಮೆಗೆ ಹೋಗಿ ಬಂದವರಿಗೆ ಪ್ರಾಯಶ್ಚಿತ್ತದ ಗಡಿಬಿಡಿ ಇದ್ದಿತು. ಈಗ ಅದೇ ಮನೆತನಗಳ ಅಜ್ಜಿಯರು ಹಡಗಿನ ಹದಿಮೂರನೆಯ ಅಂತಸ್ತಿನಲ್ಲಿ ಕುಳಿತು ಹಾಲಿನ ಐಸ್‌ಕ್ರೀಮು ತಿನ್ನುತ್ತಿರುವರು. ನಾನು ಅದಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸತಕ್ಕವನಲ್ಲ. ಆದರೆ ದಟ್ಟಡಿಯಿಡುವ ಮಗುವನ್ನು, ಎಂದರೆ ತಡವರಿಸುತ್ತ ಹೆಜ್ಜೆಯಿಡುವ ಎಳೆಯ ಕೂಸನ್ನು, ಮನೆಯಿಂದ ಹೊರಡಿಸುವಾಗ ನಾವು ಹಿರಿಯರು ಮಾಡುವ ತಪ್ಪುಗಳಿಗೆ ಒಂದು ಪ್ರಾಯಶ್ಚಿತ್ತವಿರಬೇಕಾಗಿತ್ತೆಂದು ಅನುಭವದಿಂದ ಹೇಳಬಲ್ಲೆನು.

೨೦೨೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಾನೂ ನನ್ನ ಹೆಂಡತಿಯೂ ನಮ್ಮ ಮಗಳ ಸಂಸಾರದೊಡನೆ ಆರ್ಲ್ಯಾಂಡೊಗೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಪಾಠಶಾಲೆಯ ವೇಳಾಪಟ್ಟಿಯನ್ನು ಬರೆದು ಬರೆದು ರೂಢಿಯಾಗಿದ್ದ ಈ ಕೈ, ಹಿಂದಿನ ರಾತ್ರಿಯೇ ಒಂದು ಕಾಗದದ ಮೇಲೆ ಬೆಳಗಿನ ಎಂಟು ಗಂಟೆಯಿಂದ ರಾತ್ರಿಯ ಬಾಣಬಿರುಸುಗಳವರೆಗೆ ಯಾವ ಗಂಟೆಗೆ ಏನನ್ನು ನೋಡತಕ್ಕದ್ದೆಂದು ಪಟ್ಟಿಯನ್ನು ತಯಾರಿಸಿತು. ತಲೆಗೆ ನೂರು ಡಾಲರಿಗಿಂತ ಹೆಚ್ಚು ಹಣವನ್ನು ತೆತ್ತಿರುವಾಗ ಒಂದನ್ನೂ ಬಿಡಕೂಡದೆಂಬುದು ನನ್ನ ವಾದವಾಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಮಗು ತನ್ನ ತಳ್ಳುಗಾಡಿಯಲ್ಲಿ ತಾನಾಗಿಯೇ ನಿದ್ದೆಹೋಯಿತು. ಮಗಳು ಒಂದು ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿ, ಗೋಡೆಗೊರಗಿ ತಾನೂ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ವಾದ್ಯಗಳೊಡನೆ ಮೆರವಣಿಗೆ ಬಂದಿತು. ಪಟ್ಟಿಯಲ್ಲಿ ಅದಿತ್ತು. ನಾನು ಮಗುವನ್ನು ಎಬ್ಬಿಸಿದೆನು.

ಮುಂದಿನದನ್ನು ವಿವರಿಸಲವಶ್ಯವಿಲ್ಲ. ಮಗು ಬೊಂಬೆಯ ವೇಷದವರನ್ನು ಕಂಡು ಹೆದರಿ ಕಿರಿಚಿತು. ಕುಡಿದಿದ್ದ ಹಾಲನ್ನು ತಾಯಿಯ ಮೈಮೇಲೆ ಕಾರಿಕೊಂಡಿತು. ಒಂದು ಗಂಟೆಯ ಹೊತ್ತು ಯಾರ ತೋಳಿನಲ್ಲಿಯೂ ನಿಲ್ಲಲಿಲ್ಲ. ಮಗಳು ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ರಾತ್ರಿ ಬಿಡಾರಕ್ಕೆ ಬಂದಮೇಲೆ ನನ್ನ ಹೆಂಡತಿ, “ಇದೇನ್ರೀ, ನಿಮ್ಮ ಸ್ಕೂಲಾ? ಮಲಗಿದ್ದ ಮಗೂನ ಎಬ್ಬಿಸಿ ಯಾರಾದರೂ ಮೆರವಣಿಗೆ ತೋರಿಸ್ತಾರಾ? ಅದೂ ಅವನಿಗೆ ಟಿಕೆಟ್ಟೇ ಇಲ್ಲ!” ಎಂದಳು. ಮೂರು ವರ್ಷ ತುಂಬದ ಮಕ್ಕಳಿಗೆ ಆ ಉದ್ಯಾನಗಳಲ್ಲಿ ಪ್ರವೇಶಶುಲ್ಕವಿಲ್ಲ. ಯಾರ ಹಣ ವ್ಯರ್ಥವಾದೀತೆಂದು ನಾನು ಹೆದರಿದೆನೋ ಅವನಿಗಾಗಿ ನಾವು ಒಂದು ಕಾಸನ್ನೂ ಕೊಟ್ಟಿರಲಿಲ್ಲ!

ಮರುದಿನ ಪಟ್ಟಿಯನ್ನು ಹರಿದುಹಾಕಿ ಬಿಡಾರದಲ್ಲಿಯೇ ಉಳಿದೆವು. ಮೊಮ್ಮಗನು ಲಿಫ್ಟಿನ ಗುಂಡಿಯನ್ನು ಒತ್ತುತ್ತ, ಅದು ಬೆಳಗಿದಾಗಲೆಲ್ಲ ನಗುತ್ತ ಬೆಳಗಿನ ಹೊತ್ತನ್ನೆಲ್ಲ ಕಳೆದನು. ಮಗಳು ಮಧ್ಯಾಹ್ನ ಮೂರು ಗಂಟೆಯವರೆಗೆ ಮಲಗಿದ್ದಳು. ಅವನಿಗೆ ಈಗ ಐದು ವರ್ಷ. ಆ ದಿನದ ಚಿತ್ರವನ್ನು ತೋರಿಸಿದರೆ, “ನಾನು ಯಾಕೆ ಅಳ್ತಿದೀನಿ ತಾತ?” ಎಂದು ಕೇಳುತ್ತಾನೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಂಚಿನದು ಬೆಳೆದಮೇಲೆ ನಮಗೆ ನೆನಪಿರುವುದಿಲ್ಲವೆಂಬುದನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆದಕಾರಣ ‘ಮಗುವಿಗೆ ನೆನಪಿರಲಿ’ ಎಂಬ ಕಾರಣಕ್ಕಾಗಿ ಹೊರಡುವವರು ಆ ಕಾರಣವನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಉತ್ತಮ. ನೆನಪಿಟ್ಟುಕೊಳ್ಳುವವರು ದೊಡ್ಡವರು. ಆ ದಿನ ಹೇಗಿತ್ತೆಂಬುದು ತಾಯಿಗೆ ನೆನಪಿರುತ್ತದೆ.

ಈಗ ಉದ್ಯಾನದ ಪಕ್ಷವನ್ನು ವಿಚಾರಿಸೋಣ. ವಾಲ್ಟ್ ಡಿಸ್ನಿಯವರು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳನ್ನು ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾವು ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರಂತೆ. ಮಕ್ಕಳು ಆಡುವಾಗ ತಂದೆತಾಯಿಗಳು ಸುಮ್ಮನೆ ಕುಳಿತಿರಬೇಕೇಕೆ, ಎಲ್ಲರೂ ಕೂಡಿ ಆಡುವ ಸ್ಥಳವೊಂದು ಇರಬಾರದೇಕೆ ಎಂದು ಅಲ್ಲಿ ಹುಟ್ಟಿದ ಆಲೋಚನೆಯೇ ೧೯೫೫ರ ಜುಲೈ ೧೭ರಂದು ಕ್ಯಾಲಿಫೋರ್ನಿಯಾದಲ್ಲಿ ತೆರೆದ ಉದ್ಯಾನವಾಯಿತು. ಅವರು ತೀರಿಕೊಂಡಮೇಲೆ, ೧೯೭೧ರ ಅಕ್ಟೋಬರ್ ೧ರಂದು, ಫ್ಲಾರಿಡಾದ್ದೂ ತೆರೆಯಿತು. ಆ ಬೆಂಚನ್ನು ಅವರು ಬಿಟ್ಟುಕೊಟ್ಟದ್ದೇ ತಪ್ಪೆಂದು ಒಮ್ಮೊಮ್ಮೆ ನನಗೆ ತೋರುತ್ತದೆ. ಎಳೆಯ ಮಕ್ಕಳ ತಾಯಿಗೆ ಬೇಕಾದದ್ದು ಮುಖ್ಯವಾಗಿ ಒಂದು ಬೆಂಚು, ಒಂದು ನೆರಳು, ಕೈಬರಿದಾದ ಅರ್ಧ ಗಂಟೆ.

ಫ್ಲಾರಿಡಾದ ಈ ಸ್ಥಳ ಸುಮಾರು ೪೦ ಚದರ ಮೈಲಿ ವಿಸ್ತಾರವುಳ್ಳದ್ದು. ಅದರೊಳಗೆ ನಾಲ್ಕು ಪ್ರತ್ಯೇಕ ಉದ್ಯಾನಗಳು. ಎಳೆಯರಿಗೆ ತಕ್ಕದ್ದು ಇವುಗಳಲ್ಲಿ ಮೊದಲನೆಯದಾದ ಮ್ಯಾಜಿಕ್ ಕಿಂಗ್‌ಡಮ್ ಒಂದೇ ಎಂದು ನನ್ನ ಅಭಿಪ್ರಾಯ. ಅಲ್ಲಿ ಎತ್ತರದ ನಿಬಂಧನೆಯಿಲ್ಲದ ಸವಾರಿಗಳು ಬೇಕಾದಷ್ಟಿವೆ: ಹಾರುವ ಆನೆಮರಿ ಡಂಬೊ, ೧೯೬೪ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕಾಗಿ ಮೊದಲು ರಚಿಸಿದ್ದ ಬೊಂಬೆಗಳ ದೋಣಿಯಾಟದ ಪ್ರತಿರೂಪ, ೧೯೧೭ರಲ್ಲಿ ತಯಾರಾದ, ಇಂದಿಗೂ ಸುತ್ತುತ್ತಿರುವ ಮರದ ಕುದುರೆಗಳು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಉದ್ಯಾನವನ್ನು ಬಳಸಿ ಓಡುವ ಉಗಿಬಂಡಿ. ಅದರ ಎಂಜಿನುಗಳು ಆಟದ ಸಾಮಾನುಗಳಲ್ಲ. ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ನೂರು ವರ್ಷಗಳ ಹಿಂದೆ ತಯಾರಾಗಿ, ಮೆಕ್ಸಿಕೋ ದೇಶದ ಯುಕಟಾನ್ ಪ್ರಾಂತದಲ್ಲಿ ನಿಜವಾದ ರೈಲುಗಳನ್ನೆಳೆದವು. ಎರಡೂವರೆ ವರ್ಷದ ಮಗುವಿಗೆ ಆ ರೈಲಿನಲ್ಲಿ ಮೂರು ಸುತ್ತು ಹಾಕಿಸಿದರೆ ಅದಕ್ಕಿಂತ ಹೆಚ್ಚಿನ ವೈಭವ ಬೇಡ. ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವನ್ನು ಹೇಳಿರುವರಷ್ಟೆ. ಎಳೆಯರ ವಿಷಯದಲ್ಲಿ ಅದನ್ನು ಮರೆತು ಹಂಡೆಯನ್ನೇ ಬಡಿಸಲು ಹೋಗುವವರು ನಾವು.

ಅನುಕೂಲಗಳು ಇನ್ನೂ ಉಂಟು. ಪ್ರತಿ ಉದ್ಯಾನದಲ್ಲಿಯೂ ಕೂಸುಗಳಿಗೆ ಹಾಲೂಡಿಸಲು, ಬಟ್ಟೆ ಬದಲಾಯಿಸಲು ಪ್ರತ್ಯೇಕವಾದ ತಂಪಾದ ಕೊಠಡಿಗಳಿವೆ. ದೊಡ್ಡವರ ಸವಾರಿಗಳಲ್ಲಿ ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವನ್ನು ನೋಡಿಕೊಂಡು, ತರುವಾಯ ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲದೆ ತಾವೂ ಹೋಗಬಹುದು. ಮನೆಯಿಂದ ಬುತ್ತಿಯನ್ನು ಒಯ್ಯಬಹುದು. ಗಾಜಿನ ಪಾತ್ರೆ ಮಾತ್ರ ಕೂಡದು. ಮೊಸರನ್ನದ ಡಬ್ಬಿಯನ್ನು ಹೊತ್ತುಕೊಂಡು ಆ ಅರಮನೆಯ ಮುಂದೆ ಕುಳಿತು ಉಂಡವರಲ್ಲಿ ನಾನೂ ಒಬ್ಬನು.

ಕಷ್ಟವಿರುವುದು ದೂರದಲ್ಲಿ. ಕಾರನ್ನು ನಿಲ್ಲಿಸಿದ ಸ್ಥಳದಿಂದ ಟಿಕೆಟ್ಟಿನ ಕಟ್ಟಡಕ್ಕೆ ಹೋಗಿ, ಅಲ್ಲಿಂದ ಕೆರೆಯನ್ನು ದೋಣಿಯಲ್ಲಿ ದಾಟಿಯೋ ಒಂಟಿಹಳಿಯ ಬಂಡಿಯನ್ನೇರಿಯೋ ಬಾಗಿಲನ್ನು ಮುಟ್ಟಬೇಕು. ಮಗುವಿಗೆ ನಿದ್ದೆ ಬಂದಿತೆಂದು ಹೊರಟರೆ ಅದೇ ಪ್ರಯಾಣವನ್ನು ಹಿಂದುಮುಂದಾಗಿ ಮಾಡಬೇಕು. ಹಾಸಿಗೆಯನ್ನು ಮುಟ್ಟುವ ಹೊತ್ತಿಗೆ ನಿದ್ದೆ ಕಳೆದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಲ್ಲಿಯ ಬಿಸಿಲು ನಮ್ಮ ಮಂಗಳೂರಿನ ಏಪ್ರಿಲ್ಲಿನಂತೆ ಬೆವರಿನ ಬಿಸಿಲು. ಸಂಜೆಯಾಗುತ್ತಲೆ ಅನೇಕ ದಿನ ಗುಡುಗುಮಳೆ. ಮಂಡಿನೋವಿನ ಅತ್ತೆಯವರಿಗೆ ಗಾಲಿಕುರ್ಚಿ ಬಾಡಿಗೆಗೆ ಸಿಕ್ಕುವುದು ನಿಜ. ಆದರೆ ಒಂದು ಗಾಲಿಕುರ್ಚಿ, ಎರಡು ಮಕ್ಕಳ ಗಾಡಿ ಎಂದಾಗ ತಳ್ಳುವವರು ಯಾರೆಂಬುದನ್ನು ಹೊರಡುವ ಮುಂಚೆಯೇ ಎಣಿಸಿಕೊಳ್ಳಬೇಕು.

ಇನ್ನು ಹಡಗು. ಇದರಲ್ಲಿ ನಾನು ಹೋಗಿರುವುದು ಒಂದೇ ಸಾರಿ, ಮೂರು ರಾತ್ರಿ. ಹಡಗಿನ ಗುಣವೆಲ್ಲ ಒಂದು ಮಾತಿನಲ್ಲಿದೆ: ಹಾಸಿಗೆ ಹತ್ತಿರ. ಊಟದ ಮನೆಯಿಂದ, ಆಟದ ಅಂಗಳದಿಂದ, ಸಮುದ್ರವನ್ನು ನೋಡುತ್ತ ಕುಳಿತ ಕುರ್ಚಿಯಿಂದ ಕೋಣೆಗೆ ಒಂದು ಲಿಫ್ಟು, ಒಂದು ಓಣಿ. ಮಗು ಆಕಳಿಸಿದ ಐದು ನಿಮಿಷಕ್ಕೆ ಮಲಗಿಸಬಹುದು. ಅಜ್ಜಿ ಹತ್ತಿರ ಕುಳಿತಿದ್ದರೆ ತಾಯಿ ಹೊರಗೆ ಹೋಗಬಹುದು. ಬೇಡವಾದರೆ ತಾನೂ ಮಲಗಬಹುದು. ಒಲೆ ಹಚ್ಚುವವರು, ಪಾತ್ರೆ ತೊಳೆಯುವವರು, ಹಾಸಿಗೆ ಮಡಿಸುವವರು ಬೇರೆ. ನಮ್ಮ ಮನೆಗಳಲ್ಲಿ ವಿಹಾರವೆಂದು ಕರೆಯುವುದು ಬಹುಮಟ್ಟಿಗೆ ಹೆಂಗಸರು ಬೇರೊಂದು ಊರಿನಲ್ಲಿ ಅಡಿಗೆ ಮಾಡುವುದನ್ನು. ಹಡಗಿನಲ್ಲಿ ಅದು ಸಾಧ್ಯವೇ ಇಲ್ಲ.

ಆದರೆ ಹತ್ತುವ ಮುಂಚೆ ತಿಳಿದಿರಬೇಕಾದ ಸಂಗತಿಗಳು ಉದ್ಯಾನಕ್ಕಿಂತ ಇಲ್ಲಿ ಹೆಚ್ಚು. ಸಾಮಾನ್ಯವಾಗಿ ಆರು ತಿಂಗಳು ತುಂಬದ ಕೂಸುಗಳನ್ನು ಹತ್ತಿಸಿಕೊಳ್ಳುವುದಿಲ್ಲ. ದಿನಗಟ್ಟಲೆ ದಡ ಕಾಣದ ದೀರ್ಘಯಾನಗಳಿಗೆ ಒಂದು ವರ್ಷ ತುಂಬಿರಬೇಕು. ಇಪ್ಪತ್ತನಾಲ್ಕು ವಾರಗಳಾದ ಗರ್ಭಿಣಿಯರನ್ನೂ ಹತ್ತಿಸುವುದಿಲ್ಲ. ಎಷ್ಟು ಎಳೆಯ ಕೂಸಾದರೂ ಅದು ಒಂದು ತಲೆಯೇ, ಏಕೆಂದರೆ ರಕ್ಷಣೆಯ ದೋಣಿಯಲ್ಲಿ ಅದಕ್ಕೂ ಸ್ಥಳ ಬೇಕು; ಆದಕಾರಣ ಬಹುಮಟ್ಟಿಗೆ ಅದಕ್ಕೂ ದರ, ಬಂದರಿನ ಶುಲ್ಕ ಎಲ್ಲವೂ ಉಂಟು. ಉದ್ಯಾನದಲ್ಲಿ ಉಚಿತವಾದವರು ಇಲ್ಲಿ ಉಚಿತರಲ್ಲ.

ಡಯಪರ್ ಬಿಡದ ಮಕ್ಕಳನ್ನು ಈಜುಕೊಳಕ್ಕೆ ಇಳಿಸುವಂತಿಲ್ಲ. ನೀರಿಗೆಂದೇ ಮಾಡಿದ ಡಯಪರ್ ತೊಡಿಸಿದ್ದರೂ ಇಲ್ಲ. ಅಮೆರಿಕಾದ ಆರೋಗ್ಯ ಇಲಾಖೆಯವರ ಕಟ್ಟಳೆ ಇದು. ಕೆಲವು ಹಡಗುಗಳಲ್ಲಿ ಅಂತಹವರಿಗೆ ನೀರು ಚಿಮ್ಮುವ ಪ್ರತ್ಯೇಕ ಅಂಗಳವಿದೆ, ಕೆಲವದರಲ್ಲಿ ಇಲ್ಲ. ಮೊಣಕಾಲುದ್ದದ ಈಜುಡುಗೆಯನ್ನು ಕೊಂಡು ತಂದು, ಕೊಳದ ದಡದಲ್ಲಿ ಅಳುವ ಮಗುವನ್ನು ಎತ್ತಿಕೊಂಡು ನಿಂತ ತಂದೆಯೊಬ್ಬನನ್ನು ನಾನು ಕಂಡಿದ್ದೇನೆ. ಮಕ್ಕಳ ಆಟದ ಮನೆಗಳೂ ಹಾಗೆಯೇ. ಡಿಸ್ನಿ ಹಡಗುಗಳಲ್ಲಿ ಮೂರು ವರ್ಷ ತುಂಬಿ ಡಯಪರ್ ಬಿಟ್ಟವರಿಗೆ ಮಾತ್ರ ಅಲ್ಲಿ ಪ್ರವೇಶ. ಆರು ತಿಂಗಳಿಂದ ಮೂರು ವರ್ಷದವರೆಗಿನವರಿಗೆ ಬೇರೆ ಶಿಶುಮಂದಿರವಿದೆ. ಗಂಟೆಗಿಷ್ಟೆಂದು ಶುಲ್ಕ, ಸ್ಥಳ ಕಡಮೆ, ಮುಂಚಿತವಾಗಿ ಕಾದಿರಿಸಬೇಕು.

ವಾಂತಿಯ ಭಯವನ್ನು ಎಲ್ಲರೂ ಕೇಳುತ್ತಾರೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬಾಧೆ ಅಪರೂಪ. ಅದಕ್ಕೆ ಮೇಲ್ಪಟ್ಟವರಿಗೆ ಉಂಟು. ದೊಡ್ಡ ಹಡಗುಗಳ ಪಕ್ಕಗಳಲ್ಲಿ ಮೀನಿನ ಈಜುರೆಕ್ಕೆಯಂತಹ ಸಾಧನಗಳಿದ್ದು ಓಲಾಟವನ್ನು ತಗ್ಗಿಸುತ್ತವೆ. ಅದಲ್ಲದೆ ಮಧ್ಯಭಾಗದ ಕೆಳಗಿನ ಅಂತಸ್ತಿನ ಕೋಣೆಯನ್ನು ಆರಿಸಿಕೊಳ್ಳಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವನು ಮಾತ್ರ ಮೇಲಕ್ಕೆ ಹಾರಿ ಬೀಳುವುದೇಕೆಂದು ಬಲ್ಲವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಇದಕ್ಕಿಂತ ನಾನು ಹೆಚ್ಚು ಹೆದರುವುದು ನೊರೊವೈರಸ್ಸೆಂಬ ವಾಂತಿಭೇದಿಗೆ. ಬಾಗಿಲಿನಲ್ಲಿ ಅಂಗೈಗೆ ಹಾಕುವ ಮದ್ಯಸಾರದ ದ್ರವ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆಯಬೇಕು. ಕಾಲ್ತೊಳೆದು ಕೈತೊಳೆದು ಎಲೆಯ ಮುಂದೆ ಕೂರುವ ಸಂಪ್ರದಾಯದವರಿಗೆ ಇದು ಹೊಸ ಪಾಠವಲ್ಲ.

ಬುತ್ತಿಯ ವಿಷಯ. ಮನೆಯಲ್ಲಿ ಬೇಯಿಸಿದ ಪದಾರ್ಥವನ್ನು ಸಾಮಾನ್ಯವಾಗಿ ಹಡಗಿನೊಳಕ್ಕೆ ಬಿಡುವುದಿಲ್ಲ. ಮುದ್ರೆಯೊಡೆಯದ ಡಬ್ಬಿಯ ಶಿಶು ಆಹಾರಕ್ಕೆ ಅಡ್ಡಿಯಿಲ್ಲ. ನೀರು ಕಾಯಿಸುವ ಕೆಟಲ್ಲು, ಅನ್ನದ ಕುಕ್ಕರು ಇವುಗಳನ್ನು ತಪಾಸಣೆಯಲ್ಲಿಯೇ ತೆಗೆದಿಟ್ಟುಕೊಳ್ಳುವರು. ನಮ್ಮ ರಾಗಿಯ ಸರಿಹಿಟ್ಟನ್ನು ಮನೆಯಲ್ಲಿ ಮಾಡಿ ಡಬ್ಬಿಯಲ್ಲಿ ತುಂಬಿ ಒಯ್ದರೆ ಬಾಗಿಲಿನಲ್ಲಿ ನಿಂತವನು ಅದೇನೆಂದು ಹೇಗೆ ಬಲ್ಲನು? ಆದರೆ ಮುಂಚಿತವಾಗಿ ತಿಳಿಸಿದರೆ ಅನ್ನ, ಬೇಳೆ, ಮೊಸರು ಅನೇಕ ಹಡಗುಗಳಲ್ಲಿ ಸಿಕ್ಕುತ್ತವೆ. ಅಡಿಗೆಯವರಲ್ಲಿ ಗೋವೆಯ ಕಡೆಯವರು ಇರುವುದುಂಟು. ನನಗೆ ಒಬ್ಬನು ಮೂರು ರಾತ್ರಿಯೂ ತಿಳಿಸಾರನ್ನು ಮಾಡಿಕೊಟ್ಟನು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದಪತ್ರ. ಬಹಾಮಾ ಬೇರೆ ದೇಶ. ಅಲ್ಲಿಗೆ ಹೋಗಿ ಬರುವುದೆಂದರೆ ಅಮೆರಿಕಾವನ್ನು ಬಿಟ್ಟು ಮತ್ತೆ ಪ್ರವೇಶಿಸುವುದೇ. ಅಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಬಂದರಿಗೆ ಹಿಂದಿರುಗುವ ಇಂತಹ ಯಾನದಲ್ಲಿ ಜನನಪತ್ರ ಸಾಕಾಗುತ್ತದೆ. ಆದರೆ ಭಾರತದ ಪಾಸ್‌ಪೋರ್ಟುಳ್ಳ ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಹಿಂದಿರುಗಲು ಸಲ್ಲುವ ವೀಸಾ ಇರಬೇಕು. ಅಲ್ಲಿ ಕೆಲಸದಲ್ಲಿರುವ ನಮ್ಮವರಲ್ಲಿ ಅನೇಕರಿಗೆ ಇರುವ ಅನುಮತಿ ಮುಂದುವರಿದಿದ್ದರೂ ಪಾಸ್‌ಪೋರ್ಟಿನ ಮೇಲಿನ ವೀಸಾ ಮುದ್ರೆಯ ಅವಧಿ ಮುಗಿದಿರುತ್ತದೆ. ಅಂತಹವರು ಬಲ್ಲ ವಕೀಲರನ್ನು ಕೇಳದೆ ಹಡಗಿನ ಮೆಟ್ಟಿಲನ್ನು ತುಳಿಯಬಾರದು.

ಅಸ್ತು. ತಾಯೀ, ಈಗ ನಿನಗೆ ನನ್ನ ಉತ್ತರ. ನಿಮ್ಮ ಮನೆಯ ಎರಡು ಪಕ್ಷಗಳೂ ಯಾವುದು ಹೆಚ್ಚು ಚೆಂದವೆಂದು ವಾದಿಸುತ್ತಿವೆ. ನಿದ್ದೆ ಯಾರಿಗೆ ಎಲ್ಲಿ ಸಿಕ್ಕುವುದೆಂದು ಕೇಳಿಲ್ಲ. ಹಾಗೆ ಕೇಳಿದರೆ ಈ ಸಾರಿ ಹಡಗೇ ಸರಿ. ಮೂರು ರಾತ್ರಿ ಸಾಕು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಮಗುವಿಗೆ ಒಗ್ಗದಿದ್ದರೆ ಉದ್ಯಾನದಿಂದ ಎದ್ದು ಬರುವಂತೆ ಸಮುದ್ರದಿಂದ ಎದ್ದು ಬರಲಾಗದು. ಎದುರುಬದುರಾಗಿ ಎರಡು ಕೋಣೆಗಳನ್ನು ಹಿಡಿಯಿರಿ. ಬಾಲ್ಕನಿಯುಳ್ಳ ಕೋಣೆಗಾಗಿ ಹಣ ತೆರಬೇಡಿ. ಕುರ್ಚಿಯನ್ನು ಎಳೆದು ಹತ್ತುವ ವಯಸ್ಸು ನಿನ್ನ ಮಗನದು. ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ, ಕತ್ತಲೆಯೂ ಹೆಚ್ಚು. ಮಕ್ಕಳು ಹೊತ್ತೇರಿದರೂ ಏಳುವುದಿಲ್ಲ. ತೊಟ್ಟಿಲಿನಂತಹ ಮಂಚವನ್ನು ಮುಂಚೆಯೇ ಕೇಳಿ ಇರಿಸಿಕೊಳ್ಳಿ. ಚಂಡಮಾರುತದ ಕಾಲ ಜೂನ್ ೧ರಿಂದ ನವೆಂಬರ್ ೩೦ರವರೆಗೆ. ಆಗಸ್ಟ್, ಸೆಪ್ಟೆಂಬರುಗಳಲ್ಲಿ ದರ ಅಗ್ಗವೆಂದು ನಿನ್ನ ಗಂಡ ಹೇಳಿದರೆ, ಅಗ್ಗವೇಕೆಂದು ಕೇಳು.

ಆತನಿಗೂ ಒಂದು ಮಾತು. ಅಯ್ಯಾ, ಮೂರು ಬೆಳಗಿನಲ್ಲಿಯೂ ಆರು ಗಂಟೆಗೆ ಏಳುವ ಮಕ್ಕಳನ್ನು ನೀವೂ ನಿಮ್ಮ ತಂದೆಯವರೂ ಎತ್ತಿಕೊಂಡು ಮೇಲಿನ ಅಂಗಳಕ್ಕೆ ಹೋಗತಕ್ಕದ್ದು. ಒಂಬತ್ತರವರೆಗೆ ಕೋಣೆಯ ಬಾಗಿಲನ್ನು ತಟ್ಟಕೂಡದು. ಇದು ಆಗದಿದ್ದರೆ ಹಡಗಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಆ ಹಣದಲ್ಲಿ ಒಬ್ಬ ದಾದಿಯನ್ನು ಗೊತ್ತುಮಾಡಿ ಮನೆಯಲ್ಲಿಯೇ ಇರಿ.

ಪಾಸ್‌ಪೋರ್ಟಿನ ಮೇಲಿನ ಮುದ್ರೆ ಕಾಲಾತೀತವಾಗಿದ್ದರೆ, ಅತ್ತೆಯವರ ಪಕ್ಷ ಗೆದ್ದಿತೆಂದು ಉದ್ಯಾನಕ್ಕೆ ಹೋಗಿ. ಅಟ್ಲಾಂಟಾದಿಂದ ೪೪೦ ಮೈಲಿ; ದಾರಿಯಲ್ಲಿ ಒಂದು ರಾತ್ರಿ ತಂಗಿ. ಮಗನಿಗೆ ಮೂರು ತುಂಬಲು ಇನ್ನು ನಾಲ್ಕು ತಿಂಗಳಿದೆ. ಅದರೊಳಗೆ ಹೋದರೆ ಅವನಿಗೆ ಟಿಕೆಟ್ಟಿಲ್ಲ. ಎರಡು ದಿನಗಳ ಟಿಕೆಟ್ಟನ್ನು ಕೊಂಡು, ನಡುವೆ ಒಂದು ದಿನ ಬಿಡುವು ಬಿಡಿ. ಬಾಗಿಲು ತೆರೆಯುವಾಗ ಒಳಗಿರಿ, ಹನ್ನೊಂದೂವರೆಗೆ ಹೊರಗಿರಿ. ಅತ್ತೆಯವರು ಬಾಣಬಿರುಸುಗಳನ್ನು ನೋಡಲೇಬೇಕೆಂದರೆ ಅವರನ್ನೂ ಮಾವನವರನ್ನೂ ಮಗನೊಬ್ಬನೇ ರಾತ್ರಿ ಕರೆದುಕೊಂಡು ಹೋಗಲಿ. ತಳ್ಳುಗಾಡಿಯಲ್ಲಿ ಮಗು ಮಲಗಿದ್ದಾಗ ಎಷ್ಟು ದೊಡ್ಡ ಮೆರವಣಿಗೆ ಬಂದರೂ ಬರಲಿ, ಯಾರೂ ಎಬ್ಬಿಸಕೂಡದು. ಮಾವನವರಿಗೆ ಇದನ್ನು ವಿಶೇಷವಾಗಿ ತಿಳಿಸು. ನಾನು ಹೇಳಿದೆನೆಂದೇ ಹೇಳು.

ರಾಗಿ ಹಿಟ್ಟಿನ ಸಂಗತಿ ಒಂದು ಉಳಿಯಿತು. ಅಂಗಡಿಯ ಮುದ್ರೆಯಿರುವ ಪೊಟ್ಟಣವನ್ನೇ ಕೊಂಡು ಒಯ್ಯಿ; ಕುದಿಯುವ ನೀರನ್ನು ಊಟದ ಮನೆಯಲ್ಲಿ ಕೇಳಿದರೆ ಕೊಡುತ್ತಾರೆ.